ನೋಡುವಾಗ ಸರಿ, ನೋಡದಾಗ ಕೆಡುವ ನೆಟ್‌ವರ್ಕ್ ಕಾರ್ಡ್

ವಾರಕ್ಕೆ ಒಂದೆರಡು ಸಲ, ಅದೂ ನಡುರಾತ್ರಿ ಬ್ಯಾಕಪ್ ಓಡುವಾಗ, ಸರ್ವರ್‌ನ ನೆಟ್‌ವರ್ಕ್ ಹತ್ತು ಸೆಕೆಂಡು ಸತ್ತು ತಾನಾಗಿಯೇ ಎದ್ದು ಕೂರುತ್ತದೆ. ಬೆಳಿಗ್ಗೆ ಕರ್ನಲ್ ಲಾಗ್ ತೆರೆದರೆ ‘ನೆಟ್‌ಡೆವ್ ವಾಚ್‌ಡಾಗ್: ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಎಂಬ ಒಂದು ಸಾಲು, ಅದರ ಕೆಳಗೆ ಅಡಾಪ್ಟರ್ ರಿಸೆಟ್ ಆಯಿತು ಎಂಬ ಇನ್ನೊಂದು ಸಾಲು. ಕೇಬಲ್ ಬದಲಿಸಿದರೆ ನಾಲ್ಕು ದಿನ ಸುಮ್ಮನಿರುತ್ತದೆ, ಆಮೇಲೆ ಮತ್ತದೇ. ಮೈಮೇಲೆ ದೇವರು ಬಂದು ಇಳಿದ ಹಾಗೆ. ಇಳಿದ ಮೇಲೆ ಕೇಳಿದರೆ ಏನೂ ನೆನಪಿಲ್ಲ.

ಇಂಥವನ್ನು ‘ರ‍್ಯಾಂಡಮ್’ ಎಂದು ಬರೆದು ಟಿಕೆಟ್ ಮುಚ್ಚುವುದು ಸುಲಭ. ಆದರೆ ಹಾರ್ಡ್‌ವೇರ್‌ನಲ್ಲಿ ಆಗೀಗ ಕಾಣುವ ದೋಷಕ್ಕೂ ಒಂದು ನಿರ್ದಿಷ್ಟ ಸಂದರ್ಭ ಇದ್ದೇ ಇರುತ್ತದೆ, ನಮಗೆ ಮಾತ್ರ ಗೊತ್ತಿರುವುದಿಲ್ಲ. ಚಿಪ್ ಇಷ್ಟು ಬಿಸಿಯಾಗಿರಬೇಕು, ಪ್ಯಾಕೆಟ್‌ನಲ್ಲಿ ಇಂಥದೇ ಬೈಟ್ ಇರಬೇಕು, ಲಿಂಕ್ ಆಗತಾನೇ ನಿದ್ದೆಯಿಂದ ಎದ್ದಿರಬೇಕು. ಹಾಗಾಗಿ ಇಲ್ಲಿ ಮೊದಲ ಕೆಲಸ ದುರಸ್ತಿಯಲ್ಲ. ಬಂದಾಗ ಸುಳಿವು ಅಳಿಯದಂತೆ ಕಾಯುವುದು ಒಂದು. ವಾರಕ್ಕೊಮ್ಮೆ ಬರುವುದನ್ನು ಗಂಟೆಗೊಮ್ಮೆ ಬರುವಂತೆ ಮಾಡುವುದು ಇನ್ನೊಂದು. ಇವೆರಡೂ ಆಗದೆ ಡ್ರೈವರ್‌ಗೆ (ಕಾರ್ಡ್ ನಡೆಸುವ ಸಾಫ್ಟ್‌ವೇರ್‌ಗೆ) ಕೈ ಹಾಕಿದರೆ ಕತ್ತಲಲ್ಲಿ ಹಗ್ಗಕ್ಕೂ ಹಾವಿಗೂ ಒಂದೇ ದೊಣ್ಣೆ ಬೀಸಿದಂತೆ.

ಸುಳಿವು ಅಳಿಸುವವರು ಯಾರೆಂದರೆ ಡ್ರೈವರೇ. ಕಳುಹಿಸುವ ಸಾಲು ನಿಂತು ಸಾಮಾನ್ಯವಾಗಿ 5 ಸೆಕೆಂಡು ಕಳೆದರೆ ಲಿನಕ್ಸ್‌ನ ವಾಚ್‌ಡಾಗ್ (ಕಾವಲು ಟೈಮರ್) ಡ್ರೈವರ್‌ನ ಟೈಮ್‌ಔಟ್ ಫಂಕ್ಷನ್ ಕರೆಯುತ್ತದೆ. ಬಹುತೇಕ ಡ್ರೈವರ್‌ಗಳು ಅಲ್ಲಿ ಮಾಡುವುದು ಒಂದೇ: ರಿಂಗ್ (ಪ್ಯಾಕೆಟ್‌ಗಳು ಸರದಿ ಕಾಯುವ ಸುತ್ತುಪಟ್ಟಿ) ಖಾಲಿ ಮಾಡಿ, ಚಿಪ್ ರಿಸೆಟ್ ಮಾಡಿ, ಮೊದಲಿನಿಂದ ಶುರು. ಬಳಸುವವರಿಗೆ ಇದು ಒಳ್ಳೆಯದೇ. ಹುಡುಕುವವರಿಗೆ ಮಾತ್ರ ಕೊಲೆಯಾದ ಮನೆಯನ್ನು ಪೊಲೀಸರು ಬರುವ ಮುಂಚೆಯೇ ಸಾರಿಸಿ ರಂಗೋಲಿ ಇಟ್ಟ ಹಾಗೆ.

ಆದ್ದರಿಂದ ರಿಸೆಟ್‌ಗಿಂತ ಮುಂಚೆ ಚಿಪ್‌ನ ಸ್ಥಿತಿಯನ್ನು ಬರೆದಿಡುವ ನಾಲ್ಕು ಸಾಲು ಕೋಡ್ ಸೇರಿಸಿ. ಓದುವ ಕ್ರಮವೂ ಮುಖ್ಯ. ಮೊದಲು ಪಿಸಿಐ (ಕಾರ್ಡ್ ಕೂರುವ ಬಸ್) ಕಾನ್ಫಿಗ್ ಜಾಗದಿಂದ ತಯಾರಕರ ಐಡಿ ಓದಬೇಕು. ಅಲ್ಲಿ ಎಲ್ಲ ಎಫ್ (ಹೆಕ್ಸ್‌ನಲ್ಲಿ ಎಲ್ಲ ಬಿಟ್ 1) ಬಂದರೆ ಕಾರ್ಡ್ ಬಸ್‌ನಿಂದಲೇ ಕಳಚಿಕೊಂಡಿದೆ, ಮುಂದಿನ ಯಾವ ರಿಜಿಸ್ಟರ್ (ಚಿಪ್‌ನೊಳಗಿನ ಸ್ಥಿತಿಯ ಖಾನೆ) ಓದಿದರೂ ಎಲ್ಲ ಎಫ್ಫೇ ಬರುತ್ತದೆ. ಅದನ್ನು ನಿಜವಾದ ಮೌಲ್ಯ ಎಂದು ನಂಬಿ ತಲೆ ಕೆಡಿಸಿಕೊಂಡವರು ಕಡಿಮೆಯಲ್ಲ. ಕಾರ್ಡ್ ಉಸಿರಾಡುತ್ತಿದ್ದರೆ ಕಳುಹಿಸುವ ರಿಂಗ್‌ನ ಹೆಡ್ (ಚಿಪ್ ತಲುಪಿದ ಜಾಗ) ಮತ್ತು ಟೇಲ್ (ಡ್ರೈವರ್ ತುಂಬಿದ ಜಾಗ), ಡ್ರೈವರ್ ತಾನು ಇಟ್ಟುಕೊಂಡ ಎರಡು ಲೆಕ್ಕ, ಸಿಕ್ಕಿಕೊಂಡ ಡಿಸ್ಕ್ರಿಪ್ಟರ್‌ನ (ಒಂದು ಪ್ಯಾಕೆಟ್‌ನ ವಿಳಾಸ, ಉದ್ದ ಹೇಳುವ ಚೀಟಿ) ಬೈಟ್‌ಗಳು, ಸ್ಟೇಟಸ್ ರಿಜಿಸ್ಟರ್. ಇಂಟರಪ್ಟ್ (ಚಿಪ್ ಸಿಪಿಯುವನ್ನು ಕರೆಯುವ ಗಂಟೆ) ಕಾರಣ ಹೇಳುವ ರಿಜಿಸ್ಟರ್ ಕೊನೆಗಿರಲಿ, ಏಕೆಂದರೆ ಇಂಟೆಲ್‌ನ ಇ1000 ಕಾರ್ಡ್‌ಗಳ ಸಂತತಿಯಲ್ಲಿ ಅದು ಓದಿದ ಕೂಡಲೇ ಅಳಿಯುತ್ತದೆ. ಅಂಕಿಅಂಶದ ಕೌಂಟರ್‌ಗಳದ್ದೂ ಅದೇ ಗುಣ. ಪಿಎಚ್‌ವೈ ಚಿಪ್‌ನ (ತಂತಿಯ ಸಂಕೇತ ನೋಡಿಕೊಳ್ಳುವ ಚಿಪ್) ರಿಜಿಸ್ಟರ್ 1ರ ಲಿಂಕ್ ಬಿಟ್ ಇನ್ನೊಂದು ವಿಚಿತ್ರ: ಲಿಂಕ್ ಒಮ್ಮೆ ಬಿದ್ದರೆ ಯಾರಾದರೂ ಓದುವವರೆಗೆ ಸೊನ್ನೆಯಾಗಿಯೇ ಉಳಿಯುತ್ತದೆ. ಎರಡು ಸಲ ಓದಬೇಕು. ಎರಡನೆಯ ಓದು ಈಗಿನ ಸ್ಥಿತಿ ಹೇಳಿದರೆ, ಮೊದಲನೆಯದು ಹಿಂದಿನ ಓದಿನಿಂದ ಈಚೆಗೆ ಲಿಂಕ್ ಬಿದ್ದಿತ್ತೇ ಎಂಬುದನ್ನು ಹೇಳುತ್ತದೆ. ಆಗೀಗ ಬೀಳುವ ಲಿಂಕ್ ಹಿಡಿಯಲು ಇದಕ್ಕಿಂತ ಅಗ್ಗದ ಬಲೆ ಇಲ್ಲ.

ಇ1000ಇ ಡ್ರೈವರ್ ‘ಡಿಟೆಕ್ಟೆಡ್ ಹಾರ್ಡ್‌ವೇರ್ ಯುನಿಟ್ ಹ್ಯಾಂಗ್’ ಎಂದು ಕೂಗಿದಾಗ ಈ ಹೆಡ್, ಟೇಲ್ ಎಲ್ಲವನ್ನೂ ತಾನೇ ಮುದ್ರಿಸುತ್ತದೆ. ಜನ ಆ ಹತ್ತು ಸಾಲನ್ನು ಹಾರಿಸಿ ನೇರ ಪರಿಹಾರ ಹುಡುಕಲು ಓಡುತ್ತಾರೆ. ಅರ್ಧ ರೋಗನಿರ್ಣಯ ಇರುವುದೇ ಅಲ್ಲಿ.

ಹೆಡ್ ಟೇಲ್ ಎರಡೂ ಒಂದೇ ಆಗಿದ್ದು, ಡ್ರೈವರ್ ಮಾತ್ರ ಹಿಂದೆ ಉಳಿದಿದ್ದರೆ, ಚಿಪ್ ತನ್ನ ಕೆಲಸ ಮುಗಿಸಿದೆ ಆದರೆ ಸುದ್ದಿ ಮುಟ್ಟಿಲ್ಲ ಎಂದರ್ಥ. ಆಗ ಮೆಮೊರಿಯಲ್ಲಿರುವ ಡಿಸ್ಕ್ರಿಪ್ಟರ್‌ನ ‘ಮುಗಿಯಿತು’ ಬಿಟ್ ನೋಡಬೇಕು. ಅದು 1 ಆಗಿದ್ದರೆ ಇಂಟರಪ್ಟ್ ಕಳೆದುಹೋಗಿದೆ. ಇದರ ಹಿಂದೆ ಹೆಚ್ಚಾಗಿ ಇರುವುದು ಡ್ರೈವರ್‌ನ ತಪ್ಪೇ: ಪೋಲಿಂಗ್ (ಡ್ರೈವರ್ ತಾನೇ ಹೋಗಿ ನೋಡುವುದು) ಮುಗಿಸುವುದಕ್ಕೂ ಇಂಟರಪ್ಟ್ ಮತ್ತೆ ತೆರೆಯುವುದಕ್ಕೂ ನಡುವಿನ ಸಣ್ಣ ಕಿಂಡಿಯಲ್ಲಿ ಬಂದ ಘಟನೆಯನ್ನು ಮರಳಿ ನೋಡುವ ಸಾಲು ಬಿಟ್ಟುಹೋಗಿರುತ್ತದೆ. ಬಿಟ್ ಇನ್ನೂ 0 ಆಗಿದ್ದರೆ ಚಿಪ್ ಬರೆದದ್ದು ಮೆಮೊರಿಗೆ ತಲುಪಿಲ್ಲ. ಪಿಸಿಐ ಎಕ್ಸ್‌ಪ್ರೆಸ್ ದಾರಿಯನ್ನೋ, ಎಂಬೆಡೆಡ್ ಬೋರ್ಡ್ ಆದರೆ ಕ್ಯಾಶ್ (ಸಿಪಿಯುವಿನ ಹತ್ತಿರದ ಮೆಮೊರಿ) ಹೊಂದಾಣಿಕೆಯನ್ನೋ ಅನುಮಾನಿಸಬೇಕು.

ಹೆಡ್ ಹಿಂದೆ, ಟೇಲ್ ಮುಂದೆ, ಎರಡೂ ಅಲ್ಲಾಡುತ್ತಿಲ್ಲ ಎಂದಾದರೆ ಚಿಪ್ ನಿಜಕ್ಕೂ ನಿಂತಿದೆ. ಎದುರಿನ ಸ್ವಿಚ್ ಪಾಜ್ (‘ಸ್ವಲ್ಪ ತಡೆ’ ಎನ್ನುವ) ಫ್ರೇಮ್ ಕಳುಹಿಸಿ ಬಾಯಿ ಮುಚ್ಚಿಸಿದೆಯೇ ಎಂದು ಮೊದಲು ನೋಡಿ. ಸ್ಟೇಟಸ್ ರಿಜಿಸ್ಟರ್‌ನಲ್ಲಿ ಅದಕ್ಕೊಂದು ಬಿಟ್ ಇದೆ, ಇ1000ಇ ಕೂಡ ಹ್ಯಾಂಗ್ ಎಂದು ಕೂಗುವ ಮುನ್ನ ಅದನ್ನು ನೋಡುತ್ತದೆ. ಅದಲ್ಲದಿದ್ದರೆ ಹೆಡ್ ತೋರಿಸುವ ಡಿಸ್ಕ್ರಿಪ್ಟರ್‌ನಲ್ಲಿ ಉದ್ದ ಸೊನ್ನೆಯೋ, ವಿಳಾಸ ಆಗಲೇ ಬಿಟ್ಟುಕೊಟ್ಟ ಪುಟದ್ದೋ ಎಂದು ನೋಡಿ. ಈ ಹುಡುಕಾಟ ನಡೆಯುವಾಗ ಐಒಎಂಎಂಯು (ಸಾಧನಗಳು ಯಾವ ಮೆಮೊರಿ ಮುಟ್ಟಬಹುದು ಎಂದು ಕಾಯುವ ಘಟಕ) ಚಾಲೂ ಇರಲಿ, ಅದೂ ಸ್ಟ್ರಿಕ್ಟ್ ಮೋಡ್‌ನಲ್ಲಿ. ಅದಿಲ್ಲದಿದ್ದರೆ ಚಿಪ್ ತಪ್ಪು ವಿಳಾಸಕ್ಕೆ ಬರೆದದ್ದು ಇನ್ಯಾರದೋ ಮೆಮೊರಿ ಕೆಡಿಸಿ, ಮೂರು ದಿನದ ನಂತರ ಸಂಬಂಧವೇ ಇಲ್ಲದ ಪ್ರೋಗ್ರಾಂ ಕುಸಿಯುತ್ತದೆ. ಅದಿದ್ದರೆ ತಪ್ಪು ನಡೆದ ಕ್ಷಣದಲ್ಲೇ ಯಾವ ಸಾಧನ, ಯಾವ ವಿಳಾಸ ಎಂದು ಲಾಗ್‌ನಲ್ಲಿ ಬರುತ್ತದೆ.

ಎಕ್ಸ್86ನಲ್ಲಿ ವರ್ಷಗಟ್ಟಲೆ ಓಡಿದ ಡ್ರೈವರ್ ಆರ್ಮ್ ಬೋರ್ಡ್‌ನಲ್ಲಿ ದಿನಕ್ಕೊಮ್ಮೆ ನಿಂತರೆ ಬೋರ್ಡನ್ನು ಬೈಯುವ ಮುನ್ನ ಬ್ಯಾರಿಯರ್‌ಗಳನ್ನು (ಮೆಮೊರಿ ಓದು-ಬರೆಹದ ಕ್ರಮ ಕಾಯುವ ಸೂಚನೆಗಳನ್ನು) ನೋಡಿ. ಡಿಸ್ಕ್ರಿಪ್ಟರ್ ತುಂಬಿದ ಮೇಲೆ, ಅದನ್ನು ಚಿಪ್‌ಗೆ ಒಪ್ಪಿಸುವ ಬಿಟ್ ಬರೆಯುವ ಮುನ್ನ ಡಿಎಂಎ (ಚಿಪ್ ತಾನೇ ಮೆಮೊರಿ ಮುಟ್ಟುವ ವಿಧಾನ) ಬರೆಹದ ಬ್ಯಾರಿಯರ್ ಬೇಕು. ‘ಮುಗಿಯಿತು’ ಬಿಟ್ ಓದಿದ ಮೇಲೆ, ಉಳಿದ ಭಾಗ ಓದುವ ಮುನ್ನ ಡಿಎಂಎ ಓದಿನ ಬ್ಯಾರಿಯರ್ ಬೇಕು. ಎಕ್ಸ್86 ಬರೆದ ಕ್ರಮವನ್ನು ತಾನೇ ಕಾಪಾಡಿ ಈ ತಪ್ಪನ್ನು ಮುಚ್ಚಿಹಾಕುತ್ತದೆ, ಆರ್ಮ್‌ಗೆ ಆ ದಾಕ್ಷಿಣ್ಯವಿಲ್ಲ.

ಕಾರ್ಡ್ ನಿಲ್ಲುವುದಿಲ್ಲ, ಪ್ಯಾಕೆಟ್ ಮಾತ್ರ ಆಗೀಗ ಕೆಡುತ್ತದೆ ಎನ್ನುವುದು ಬೇರೆ ಜಾತಿಯ ದೋಷ. ಅಲ್ಲಿ ಇಥ್‌ಟೂಲ್ ಎಂಬ ಲಿನಕ್ಸ್ ಕಮಾಂಡ್ ಕೊಡುವ ಕೌಂಟರ್‌ಗಳೇ ಗತಿ. (ದೊಡ್ಡ ಎಸ್ ಕೌಂಟರ್ ತೋರಿಸುತ್ತದೆ, ಸಣ್ಣ ಎಸ್ ವೇಗ ಬದಲಿಸುತ್ತದೆ. ನಿದ್ದೆಗಣ್ಣಲ್ಲಿ ಇವೆರಡನ್ನು ಅದಲುಬದಲು ಮಾಡಬೇಡಿ.) ಸಿಆರ್‌ಸಿ (ಪ್ರತಿ ಫ್ರೇಮ್‌ನ ಕೊನೆಯ ತಾಳೆ ಸಂಖ್ಯೆ) ದೋಷ ಏರುತ್ತಿದ್ದರೆ ತೊಂದರೆ ತಂತಿಯಿಂದ ಮ್ಯಾಕ್‌ವರೆಗಿನ (ಫ್ರೇಮ್ ಕಟ್ಟುವ, ಬಿಡಿಸುವ ಭಾಗ) ದಾರಿಯಲ್ಲಿದೆ. ‘ಮಿಸ್ಡ್’ ಏರುತ್ತಿದ್ದರೆ ಫ್ರೇಮ್ ಸರಿಯಾಗಿಯೇ ಬಂದಿತ್ತು, ಚಿಪ್‌ನ ಒಳಗಿನ ಬಫರ್ ತುಂಬಿ ಚೆಲ್ಲಿದೆ. ದೂರು ಹೇಳಬೇಕಾದ್ದು ಬಸ್‌ಗೆ ಅಥವಾ ಸಿಪಿಯುಗೆ, ಕೇಬಲ್‌ಗಲ್ಲ. ಸಿಆರ್‌ಸಿ ಶುದ್ಧ, ಆದರೆ ಟಿಸಿಪಿ ಚೆಕ್‌ಸಮ್ ತಪ್ಪು ಎಂದಾದರೆ ಬಿಟ್ ಕೆಟ್ಟದ್ದು ಮ್ಯಾಕ್ ದಾಟಿದ ಮೇಲೆ, ಅಥವಾ ಕಳುಹಿಸಿದ ಯಂತ್ರದ ಒಳಗೋ, ದಾರಿಯ ನಡುವಿನ ಯಾವುದೋ ರೂಟರ್‌ನ ಮೆಮೊರಿಯಲ್ಲೋ. 2000ದಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಅಂತರ್ಜಾಲದ ಟ್ರಾಫಿಕ್ ಅಳೆದಾಗ 1,100ರಿಂದ 32,000 ಪ್ಯಾಕೆಟ್‌ಗೆ ಒಂದು ಹೀಗೆ ಸಿಆರ್‌ಸಿ ದಾಟಿ ಬಂದು ಚೆಕ್‌ಸಮ್‌ನಲ್ಲಿ ಸಿಕ್ಕಿಬೀಳುತ್ತಿತ್ತು. ಇದನ್ನು ಹಿಡಿಯಬೇಕಾದರೆ ಚೆಕ್‌ಸಮ್ ಲೆಕ್ಕವನ್ನು ಕಾರ್ಡ್‌ನಿಂದ ಕಿತ್ತು ಸಿಪಿಯುಗೆ ಕೊಡಿ. ಕಳ್ಳನ ಕೈಯಲ್ಲೇ ಬೀಗದ ಕೈ ಇದ್ದರೆ ಲೆಕ್ಕ ಸಿಗುವುದಿಲ್ಲ.

ಗಿಗಾಬಿಟ್ ತಾಮ್ರದ ಲಿಂಕ್ ಎಷ್ಟು ತಪ್ಪಬಹುದು ಎಂಬುದಕ್ಕೂ ಮಿತಿ ಇದೆ. ಮಾನದಂಡ ಒಪ್ಪುವುದು ಸಾವಿರ ಕೋಟಿ ಬಿಟ್‌ಗೆ ಒಂದು ತಪ್ಪು. ಪೂರ್ಣ ವೇಗದಲ್ಲಿ ಅದು 10 ಸೆಕೆಂಡಿಗೊಂದು. ಒಳ್ಳೆಯ ಕೇಬಲ್‌ನಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಡೇಟಾ ಓಡಿಸದೆಯೇ ಲಿಂಕ್ ಗುಣ ನೋಡಬೇಕೆಂದರೆ ಪಿಎಚ್‌ವೈ ರಿಜಿಸ್ಟರ್ 10ರ ಕೆಳಗಿನ 8 ಬಿಟ್‌ಗಳಲ್ಲಿ ಐಡಲ್ ದೋಷಗಳ ಎಣಿಕೆ ಇದೆ. 255ಕ್ಕೆ ನಿಲ್ಲುತ್ತದೆ, ಓದಿದರೆ ಸೊನ್ನೆಯಾಗುತ್ತದೆ. ಸೆಕೆಂಡಿಗೊಮ್ಮೆ ಓದುತ್ತಾ ಕನೆಕ್ಟರನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಸಡಿಲ ಪಿನ್ ಇದ್ದರೆ ಎಣಿಕೆ ಜಿಗಿಯುತ್ತದೆ. ಗಿಗಾಬಿಟ್ ಲಿಂಕ್ ಆಗಾಗ 100 ಮೆಗಾಬಿಟ್‌ಗೆ ಇಳಿಯುತ್ತಿದ್ದರೆ ಕೇಬಲ್‌ನ 4-5 ಅಥವಾ 7-8ರ ಜೋಡಿ ನೋಡಿ: 100ಕ್ಕೆ ಎರಡೇ ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಲಿನಕ್ಸ್ 5.8ರಿಂದ ಇಥ್‌ಟೂಲ್‌ನಲ್ಲೇ ಕೇಬಲ್ ಪರೀಕ್ಷೆ ಇದೆ, ಪಿಎಚ್‌ವೈ ಬೆಂಬಲಿಸಿದರೆ ಯಾವ ಜೋಡಿ ಎಷ್ಟು ದೂರದಲ್ಲಿ ತುಂಡಾಗಿದೆ ಎಂದೂ ಹೇಳುತ್ತದೆ.

ಎಂಬೆಡೆಡ್ ಬೋರ್ಡ್‌ಗಳಲ್ಲಿ ನನಗೆ ಮೊದಲು ಅನುಮಾನ ಬರುವುದು ಆರ್‌ಜಿಎಂಐಐ ಮೇಲೆ. ಮ್ಯಾಕ್ ಮತ್ತು ಪಿಎಚ್‌ವೈ ಚಿಪ್‌ಗಳ ನಡುವಿನ ಈ ದಾರಿಯಲ್ಲಿ ಗಿಗಾಬಿಟ್ ವೇಗಕ್ಕೆ 125 ಮೆಗಾಹರ್ಟ್ಸ್ ಗಡಿಯಾರ, ಅದರ ಎರಡೂ ಅಂಚಿನಲ್ಲಿ ಡೇಟಾ. ಅಂದರೆ ಒಂದು ಬಿಟ್‌ಗೆ ಸಿಗುವ ಸಮಯ 4 ನ್ಯಾನೊಸೆಕೆಂಡ್. ಗಡಿಯಾರದ ಅಂಚು ಅದರ ನಡುಮಧ್ಯಕ್ಕೆ ಬೀಳಬೇಕಾದರೆ ಡೇಟಾಗಿಂತ ಸುಮಾರು 2 ನ್ಯಾನೊಸೆಕೆಂಡ್ ತಡವಾಗಬೇಕು. ಆ ತಡವನ್ನು ಮ್ಯಾಕ್ ಕೊಡಬಹುದು, ಪಿಎಚ್‌ವೈ ಕೊಡಬಹುದು, ಇಲ್ಲವೇ ಬೋರ್ಡ್ ಮೇಲೆ 30 ಸೆಂಟಿಮೀಟರ್‌ನಷ್ಟು ತಂತಿಯನ್ನು ಹಾವಿನಂತೆ ಸುತ್ತಿಸಿ ಕೊಡಬಹುದು. ಯಾರಾದರೂ ಒಬ್ಬರು ಕೊಡಬೇಕು, ಒಬ್ಬರೇ ಕೊಡಬೇಕು. ಅತ್ತೆ ಹಾಕಿದ ಉಪ್ಪಿನ ಮೇಲೆ ಸೊಸೆಯೂ ಹಾಕಿದರೆ ಸಾರು ಕೆಟ್ಟಂತೆ, ಇಬ್ಬರೂ ಕೊಟ್ಟರೂ ಕೆಟ್ಟಿತು, ಇಬ್ಬರೂ ಬಿಟ್ಟರೂ ಕೆಟ್ಟಿತು.

ಮೋಸವೇನೆಂದರೆ ಅದು ಪೂರ್ತಿ ಕೆಡುವುದಿಲ್ಲ. ತಂತಿಗಳ ಸಣ್ಣ ಏರುಪೇರಿನಿಂದ ಅಂಚಿನಲ್ಲಿ ಹೇಗೋ ಓಡುತ್ತದೆ, ಬೋರ್ಡ್ ಬಿಸಿಯಾದಾಗ ಜಾರುತ್ತದೆ. 100 ಮೆಗಾಬಿಟ್‌ನಲ್ಲಿ ಗಡಿಯಾರ 25 ಮೆಗಾಹರ್ಟ್ಸ್‌ಗೆ ಇಳಿದು ಪ್ರತಿ ಆವರ್ತಕ್ಕೆ 40 ನ್ಯಾನೊಸೆಕೆಂಡ್ ಸಿಗುವುದರಿಂದ 2 ನ್ಯಾನೊಸೆಕೆಂಡ್ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ‘1000ದಲ್ಲಿ ಸಿಆರ್‌ಸಿ ದೋಷ, 100ರಲ್ಲಿ ಒಂದೂ ಇಲ್ಲ, ಕೇಬಲ್ ಪರೀಕ್ಷೆ ಪಾಸು’ ಎಂದರೆ ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ಪಿಎಚ್‌ವೈ ಮೋಡ್ ಏನಿದೆ ನೋಡಿ. ಬರಿ ‘ಆರ್‌ಜಿಎಂಐಐ’ ಎಂದಿದ್ದರೆ ತಡ ಬೋರ್ಡ್‌ನಲ್ಲಿದೆ ಎಂದರ್ಥ, ಕೊನೆಗೆ ‘ಐಡಿ’ ಇದ್ದರೆ ಎರಡೂ ದಿಕ್ಕಿನ ತಡ ಚಿಪ್ ಕೊಡಬೇಕು. 2020ರ ಕೊನೆಗೆ ರಿಯಲ್‌ಟೆಕ್ 8211ಇ ಪಿಎಚ್‌ವೈಯ ಲಿನಕ್ಸ್ ಡ್ರೈವರ್ ಈ ಸೂಚನೆಯನ್ನು ಸರಿಯಾಗಿ ಪಾಲಿಸತೊಡಗಿದ ಕೂಡಲೇ ಹಲವು ಆಲ್‌ವಿನ್ನರ್ ಚಿಪ್‌ನ ಬೋರ್ಡ್‌ಗಳ ನೆಟ್‌ವರ್ಕ್ ನಿಂತಿತು. ಅವುಗಳ ಡಿವೈಸ್ ಟ್ರೀಯಲ್ಲಿ ಮೊದಲಿನಿಂದಲೂ ತಪ್ಪು ಪದ ಇತ್ತು. ಡ್ರೈವರ್ ಅದನ್ನು ಅಲಕ್ಷಿಸಿದ್ದರಿಂದ ಓಡುತ್ತಿತ್ತು.

ಇನ್ನೊಂದು ಬಲೆ ದಿಕ್ಕಿನದು. ಕಳುಹಿಸುವ ದಾರಿಯ ತಡ ತಪ್ಪಿದ್ದರೆ ನಿಮ್ಮ ಬೋರ್ಡ್‌ನ ಎಲ್ಲ ಕೌಂಟರ್ ಶುದ್ಧ. ಸಿಆರ್‌ಸಿ ದೋಷ ಏರುವುದು ಎದುರಿನ ಸ್ವಿಚ್‌ನ ಪೋರ್ಟ್‌ನಲ್ಲಿ. ಹಾಗಾಗಿ ಎರಡೂ ತುದಿ ನೋಡದೆ ತೀರ್ಪು ಕೊಡಬಾರದು. ಚಿಪ್‌ನಲ್ಲಿ ತಡ ಹೊಂದಿಸುವ ಸೌಲಭ್ಯ ಇದ್ದರೆ ಸೊನ್ನೆಯಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಏರಿಸುತ್ತಾ ಪ್ರತಿ ಮೆಟ್ಟಿಲಲ್ಲೂ ಹತ್ತು ಲಕ್ಷ ಫ್ರೇಮ್ ಕಳುಹಿಸಿ ದೋಷ ಬರೆದುಕೊಳ್ಳಿ. 1.0ರಿಂದ 2.6 ನ್ಯಾನೊಸೆಕೆಂಡ್‌ವರೆಗೆ ಶುದ್ಧ ಎಂದು ಬಂದರೆ ಇಡಬೇಕಾದ್ದು 1.8. ‘1.1ರಲ್ಲಿ ಓಡಿತು’ ಎಂದು ಅಲ್ಲೇ ನಿಲ್ಲಿಸಿದ ಬೋರ್ಡ್‌ಗಳೇ ಏಪ್ರಿಲ್ ಬಿಸಿಲಿಗೆ ಮರಳಿ ಬರುವುದು.

ಈಗ ದೋಷ ಹೆಚ್ಚಿಸುವ ಕೆಲಸ. ಬಿಸಿಗೆ ಹೇರ್ ಡ್ರೈಯರ್, ತಂಪಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಫ್ರೀಜರ್ ಸ್ಪ್ರೇ. ಚಿಪ್‌ಗೆ ಥರ್ಮೋಕಪಲ್ ಅಂಟಿಸಿ, ಅಂದಾಜಿನಲ್ಲಿ ಬೇಡ. ಒಂದೊಂದೇ ಭಾಗಕ್ಕೆ ಸ್ಪ್ರೇ ಹೊಡೆಯುತ್ತಾ ಹೋದರೆ ದೋಷ ಮ್ಯಾಕ್‌ನದೋ, ಪಿಎಚ್‌ವೈಯದೋ, 25 ಮೆಗಾಹರ್ಟ್ಸ್ ಕ್ರಿಸ್ಟಲ್‌ನದೋ ಎಂದು ಬೇರೆಯಾಗುತ್ತದೆ. ಪ್ಯಾಕೆಟ್‌ನ ಒಳಗೆ ಬರಿ ಸೊನ್ನೆ ತುಂಬಿ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಯಾದೃಚ್ಛಿಕ ಬೈಟ್, ಒಂದು ಬಿಟ್ ಬಿಟ್ಟು ಒಂದು ಬಿಟ್ ಬದಲಾಗುವ ಮಾದರಿ, 60ರಿಂದ 1514 ಬೈಟ್‌ವರೆಗಿನ ಪ್ರತಿ ಉದ್ದ, ಇವೆಲ್ಲ ಬೇಕು. ಸತತ ಟ್ರಾಫಿಕ್ ಕೂಡ ಒಂದು ಮರೆ. ವಿದ್ಯುತ್ ಉಳಿತಾಯದ ದೋಷಗಳು ಲಿಂಕ್ ಮಲಗಿ ಏಳುವಾಗ ಬರುತ್ತವೆ, ಆದ್ದರಿಂದ ನೂರು ಪ್ಯಾಕೆಟ್ ಕಳುಹಿಸಿ, ಒಂದಿಷ್ಟು ಮಿಲಿಸೆಕೆಂಡ್ ಸುಮ್ಮನಿದ್ದು, ಮತ್ತೆ ಕಳುಹಿಸುವುದು ಹೆಚ್ಚು ಕ್ರೂರ ಪರೀಕ್ಷೆ.

ಆ ಉಳಿತಾಯದ ಹೆಸರು ಪಿಸಿಐ ಎಕ್ಸ್‌ಪ್ರೆಸ್ ಕಡೆ ಎಎಸ್‌ಪಿಎಂ, ತಂತಿಯ ಕಡೆ ಇಇಇ. ಇಂಟೆಲ್ 82574ರ ಎಎಸ್‌ಪಿಎಂ ತೊಂದರೆ ಎಷ್ಟು ಪ್ರಸಿದ್ಧವೆಂದರೆ ಆ ಚಿಪ್‌ಗೆ ಲಿನಕ್ಸ್ ಡ್ರೈವರೇ ಅದನ್ನು ಆಫ್ ಮಾಡುತ್ತದೆ. ಬೇರೆ ಕಾರ್ಡ್‌ಗೆ ಪ್ರಯತ್ನಿಸುವವರು ಬೂಟ್ ಸಾಲಿನಲ್ಲಿ ‘ಪಿಸಿಐಇ ಎಎಸ್‌ಪಿಎಂ ಆಫ್’ ಎಂದು ಹಾಕಿ, ದೋಷ ಹೋಗಲಿಲ್ಲವಾದ್ದರಿಂದ ಎಎಸ್‌ಪಿಎಂ ನಿರ್ದೋಷಿ ಎಂದು ಬರೆದುಬಿಡುತ್ತಾರೆ. ಆ ಆಯ್ಕೆಯ ಅರ್ಥ ‘ಕರ್ನಲ್ ಎಎಸ್‌ಪಿಎಂ ಮುಟ್ಟಬೇಡ’ ಎಂದು. ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ಪ್ರೋಗ್ರಾಂ) ಆಗಲೇ ಚಾಲೂ ಮಾಡಿದ್ದರೆ ಹಾಗೆಯೇ ಉಳಿಯುತ್ತದೆ. ಪಾಲಿಸಿಯನ್ನು ‘ಪರ್ಫಾರ್ಮೆನ್ಸ್’ಗೆ ಇಟ್ಟು, ಎಲ್‌ಎಸ್‌ಪಿಸಿಐ ಕಮಾಂಡ್‌ನ ವಿವರವಾದ ಔಟ್‌ಪುಟ್‌ನಲ್ಲಿ ಲಿಂಕ್ ಕಂಟ್ರೋಲ್ ಸಾಲು ‘ಎಎಸ್‌ಪಿಎಂ ಡಿಸೇಬಲ್ಡ್’ ಎನ್ನುತ್ತದೆಯೇ ಎಂದು ಕಣ್ಣಾರೆ ನೋಡಿ. ಅಲ್ಲೇ ಲಿಂಕ್ ಸ್ಟೇಟಸ್ ಕೂಡ ಇದೆ. ನಾಲ್ಕು ಲೇನ್‌ನ ಕಾರ್ಡ್ ಒಂದು ಲೇನ್‌ನಲ್ಲಿ ಓಡುತ್ತಿದ್ದರೆ ಸ್ಲಾಟ್‌ನ ಧೂಳು ಒರೆಸಿ ಕಾರ್ಡ್ ತೆಗೆದು ಕೂರಿಸುವುದು ಡ್ರೈವರ್ ಓದುವುದಕ್ಕಿಂತ ಮುಂಚಿನ ಕೆಲಸ.

ವಿದ್ಯುತ್ ಸರಬರಾಜಿನ ಕುಸಿತ ಮಲ್ಟಿಮೀಟರ್‌ಗೆ ಕಾಣುವುದಿಲ್ಲ. ದೋಷ ಕಂಡ ಕ್ಷಣ ಡ್ರೈವರ್‌ನಿಂದಲೇ ಒಂದು ಜಿಪಿಐಒ ಪಿನ್ (ಸಾಫ್ಟ್‌ವೇರ್ ಏರಿಸಿ ಇಳಿಸಬಲ್ಲ ಪಿನ್) ಎತ್ತಿಸಿ, ಅದನ್ನು ಆಸಿಲೋಸ್ಕೋಪ್‌ನ ಟ್ರಿಗರ್ ಮಾಡಿ, ಟ್ರಿಗರ್‌ಗಿಂತ ಹಿಂದಿನ ಭಾಗ ನೋಡಿ. ಪ್ರೋಬ್‌ನ ಉದ್ದ ಗ್ರೌಂಡ್ ಕ್ಲಿಪ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿ, ಇಲ್ಲದಿದ್ದರೆ ಕಾಣುವ ಅಲೆ ಬೋರ್ಡ್‌ನದಲ್ಲ, ಕ್ಲಿಪ್‌ನದು.

ಹಾರ್ಡ್‌ವೇರೋ ಡ್ರೈವರೋ ಎಂಬ ಜಗಳದಲ್ಲಿ ಎರಡೂ ಕಡೆ ಮುಖಭಂಗವಾದ ಎರಡು ಪ್ರಕರಣಗಳಿವೆ. 2008ರಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳು ಓಡುತ್ತಿದ್ದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಕಾರ್ಡ್‌ನ ಶಾಶ್ವತ ಮೆಮೊರಿಯೇ ಕೆಟ್ಟು ಕಾರ್ಡ್ ಸತ್ತುಹೋಗುತ್ತಿತ್ತು. ಎಲ್ಲರ ಬೆರಳು ಇ1000ಇ ಡ್ರೈವರ್ ಕಡೆ. ಕೊನೆಗೆ ಸಿಕ್ಕ ಅಪರಾಧಿ ಎಫ್‌ಟ್ರೇಸ್ (ಕರ್ನಲ್‌ನ ಫಂಕ್ಷನ್ ಕರೆಗಳ ಜಾಡು ಹಿಡಿಯುವ ಸೌಲಭ್ಯ): ತೆಗೆದುಹಾಕಿದ ಮಾಡ್ಯೂಲ್ ಕೋಡ್‌ನ ವಿಳಾಸವನ್ನು ನೆನಪಿಟ್ಟುಕೊಂಡು ಅಲ್ಲಿ ತಿದ್ದಲು ಹೋಗುತ್ತಿತ್ತು, ಅಷ್ಟರಲ್ಲಿ ಅದೇ ವಿಳಾಸಕ್ಕೆ ಕಾರ್ಡ್‌ನ ರಿಜಿಸ್ಟರ್‌ಗಳು ಬಂದು ಕೂತಿರುತ್ತಿದ್ದವು. ವಿಳಾಸ ಕೂಡಿಬಂದರೆ ಮಾತ್ರ ಅನಾಹುತ. 2.6.27.1ರಲ್ಲಿ ಆ ಸೌಲಭ್ಯವನ್ನೇ ಆಫ್ ಮಾಡಿದರು. ಮತ್ತೊಂದು 2013ರದು. ಕ್ರಿಸ್ಟಿಯನ್ ಕೀಲ್‌ಹೋಫ್ನರ್ 82574ಎಲ್ ಇದ್ದ ಫೋನ್ ಸರ್ವರ್‌ಗಳು ಆಗೀಗ ಸಾಯುವುದನ್ನು ಬೆನ್ನಟ್ಟಿ ಒಂದೇ ಬೈಟ್‌ಗೆ ತಲುಪಿದರು: ಪ್ಯಾಕೆಟ್‌ನ ಹೆಕ್ಸ್ 47ಎಫ್ ಜಾಗದಲ್ಲಿ ಹೆಕ್ಸ್ 32, ಅಂದರೆ ‘2’ ಎಂಬ ಅಕ್ಷರ, ಇದ್ದರೆ ಕಾರ್ಡ್ ಸಾಯುತ್ತಿತ್ತು; ಪೂರ್ತಿ ಪವರ್ ತೆಗೆದು ಹಾಕುವವರೆಗೆ ಏಳುತ್ತಿರಲಿಲ್ಲ. ಚಿಪ್ ತಪ್ಪಲ್ಲ, ಒಂದು ಮದರ್‌ಬೋರ್ಡ್ ತಯಾರಕರು ಇಇಪ್ರಾಮ್ (ಕಾರ್ಡ್‌ನ ಸೆಟ್ಟಿಂಗ್ ಇಡುವ ಶಾಶ್ವತ ಮೆಮೊರಿ) ತಪ್ಪಾಗಿ ಬರೆದದ್ದು ಎಂದು ಇಂಟೆಲ್ ಹೇಳಿತು. ಡ್ರೈವರೂ ಅಲ್ಲ, ಸಿಲಿಕಾನೂ ಅಲ್ಲ. ಹೀಗಾಗಿಯೇ ಚಿಪ್ ಮಾದರಿಯ ಜೊತೆಗೆ ಅದರ ರಿವಿಷನ್ ಮತ್ತು ಇಇಪ್ರಾಮ್ ಆವೃತ್ತಿಯನ್ನೂ ಮೊದಲ ದಿನವೇ ಬರೆದಿಡಬೇಕು. ಓಡುವ ಬೋರ್ಡ್, ಓಡದ ಬೋರ್ಡ್ ಎರಡರ ಇಇಪ್ರಾಮ್ ಡಂಪ್ ತೆಗೆದು ಹೋಲಿಸಲು ಐದು ನಿಮಿಷ ಸಾಕು.

ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಾಲು ಮುದ್ರಿಸುವ ಕರೆ) ಹಾಕಿದ ಕೂಡಲೇ ದೋಷ ಮಾಯ ಎಂಬ ದೂರು ಎಲ್ಲರದು. ಲೆಕ್ಕ ಹಾಕಿ ನೋಡಿ. 115200 ವೇಗದ ಸೀರಿಯಲ್ ಕನ್ಸೋಲ್‌ನಲ್ಲಿ 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಗಿಗಾಬಿಟ್‌ನಲ್ಲಿ ಅತಿ ಚಿಕ್ಕ ಫ್ರೇಮ್ 672 ನ್ಯಾನೊಸೆಕೆಂಡಿಗೊಂದು ಬರುತ್ತದೆ, 256 ಜಾಗದ ರಿಂಗ್ 172 ಮೈಕ್ರೊಸೆಕೆಂಡಿನಲ್ಲಿ ತುಂಬುತ್ತದೆ. ಒಂದು ಸಾಲು ಮುದ್ರಿಸುವಷ್ಟರಲ್ಲಿ ರಿಂಗ್ ನಲವತ್ತು ಸಲ ತುಂಬಬಹುದು. ನೀವು ಗಮನಿಸುತ್ತಿರುವುದು ಮೊದಲಿನ ಯಂತ್ರವನ್ನೇ ಅಲ್ಲ. ಟ್ರೇಸ್ ಪ್ರಿಂಟ್‌ಕೆ ಬಳಸಿ, ಅದು ಮೆಮೊರಿಯ ಬಫರ್‌ಗೆ ಬರೆದು ಸುಮ್ಮನಾಗುತ್ತದೆ. ದೋಷ ಕಂಡಾಗ ಬರವಣಿಗೆ ನಿಲ್ಲಿಸಿದರೆ ಹಿಂದಿನ ಘಟನೆಗಳು ಹಾಗೆಯೇ ಉಳಿದಿರುತ್ತವೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ‘ಸರಿಹೋಯಿತು’ ಎನ್ನುವಲ್ಲಿ. ಸರಾಸರಿ 6 ಗಂಟೆಗೊಮ್ಮೆ ಬರುವ ದೋಷಕ್ಕೆ ಒಂದು ಪ್ಯಾಚ್ ಹಾಕಿ 6 ಗಂಟೆ ಕಾದಿರಿ, ಬರಲಿಲ್ಲ. ಪ್ಯಾಚ್ ಏನೂ ಮಾಡದಿದ್ದರೂ ಹೀಗಾಗುವ ಸಾಧ್ಯತೆ ಶೇ 37. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ. ಆ ಸಾಧ್ಯತೆ ಶೇ 5ಕ್ಕೆ ಇಳಿಯಬೇಕಾದರೆ ಮೂರು ಪಟ್ಟು, 18 ಗಂಟೆ ಕಾಯಬೇಕು. ಶೇ 1ಕ್ಕೆ ಸುಮಾರು 28 ಗಂಟೆ. ಬಿಸಿ ಮಾಡಿ ದೋಷವನ್ನು ಹತ್ತು ನಿಮಿಷಕ್ಕೊಮ್ಮೆ ತರಿಸಿಕೊಂಡಿದ್ದರೆ ಅದೇ ಶೇ 5ರ ಉತ್ತರ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಒಂದೇ ಎಚ್ಚರ: ಬಿಸಿಯಲ್ಲಿ ಬಂದ ದೋಷದ ಹೆಡ್, ಟೇಲ್, ಸ್ಟೇಟಸ್ ಚಿತ್ರ ಮೂಲ ದೋಷದ ಚಿತ್ರವನ್ನೇ ಹೋಲಬೇಕು. ಇಲ್ಲವಾದರೆ ನೀವು ಹೊಸದೊಂದು ದೋಷ ಹುಟ್ಟಿಸಿದ್ದೀರಿ, ಅಷ್ಟೇ.

ಪ್ಯಾಚ್ ಗೆದ್ದಿತು ಅನಿಸಿದ ಮೇಲೆ ಅದನ್ನು ತೆಗೆದು ದೋಷ ಮರಳುತ್ತದೆಯೇ ಎಂದು ನೋಡುವವರು ಕಡಿಮೆ. ಮರಳದಿದ್ದರೆ ಈ ನಡುವೆ ಬೇರೇನೋ ಬದಲಾಗಿದೆ: ಯಾರೋ ಫ್ಯಾನ್ ತಿರುಗಿಸಿದ್ದಾರೆ, ಕಾರ್ಡ್ ತೆಗೆದು ಕೂರಿಸುವಾಗ ಪಿನ್ ಉಜ್ಜಿಕೊಂಡಿದೆ. ಟಿಎಸ್‌ಒ (ದೊಡ್ಡ ಡೇಟಾವನ್ನು ಪ್ಯಾಕೆಟ್‌ಗಳಾಗಿ ಕಾರ್ಡೇ ಕತ್ತರಿಸುವುದು) ಆಫ್ ಮಾಡಿದರೆ ಹ್ಯಾಂಗ್ ನಿಲ್ಲುತ್ತದೆ ಎಂಬ ಹಳೆಯ ಉಪಾಯದ ಪಾಡೂ ಇದೇ. ಅದು ಕೆಲವು ಚಿಪ್‌ಗಳಲ್ಲಿ ನಿಜವಾದ ದೋಷದ ದಾರಿಯನ್ನೇ ತಪ್ಪಿಸುತ್ತದೆ, ಕೆಲವು ಕಡೆ ಬರಿ ವೇಗ ತಗ್ಗಿಸಿ ದೋಷವನ್ನು ತಿಂಗಳಾಚೆ ತಳ್ಳುತ್ತದೆ. ಯಾವುದೆಂದು ತಿಳಿಯಲು ಟಿಎಸ್‌ಒ ಚಾಲೂ ಇಟ್ಟುಕೊಂಡೇ ಟ್ರಾಫಿಕ್ ವೇಗವನ್ನು ಅದು ಆಫ್ ಆಗಿದ್ದಾಗಿನ ಮಟ್ಟಕ್ಕೆ ಇಳಿಸಿ ಒಮ್ಮೆ ಓಡಿಸಿ. ಉಪಾಯ ಕೋಡ್‌ನಲ್ಲೇ ಉಳಿಯುವುದಾದರೆ ಅದರ ಮೇಲಿನ ಕಾಮೆಂಟ್‌ನಲ್ಲಿ ಚಿಪ್ ರಿವಿಷನ್, ತಯಾರಕರ ಎರಾಟಾ (ಒಪ್ಪಿಕೊಂಡ ದೋಷಗಳ ಪಟ್ಟಿ) ಸಂಖ್ಯೆ, ಎಷ್ಟು ಬಿಸಿಯಲ್ಲಿ ಎಷ್ಟು ಗಂಟೆ ಓಡಿಸಿ ನೋಡಿದ್ದು ಎಂಬುದು ಇರಲಿ. ಮೂರು ವರ್ಷದ ನಂತರ ‘ಈ ಸಾಲು ಯಾಕಿದೆ’ ಎಂದು ಯಾರೋ ಅಳಿಸಲು ಬರುತ್ತಾರೆ, ಬಹುಶಃ ನೀವೇ.